ಬಾಡಿಗೆ ಮನೆಯ ಗ್ಯಾಸ್ ತಪಾಸಣೆ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಓದಲು, ದುಡಿಯಲು ಬ್ರಿಟನ್ನಿಗೆ ಹೋಗಿ ಬಾಡಿಗೆ ಮನೆ ಹಿಡಿದಿರುವ ಕನ್ನಡಿಗರ ಪ್ರಶ್ನೆಗಳಿಗೆ ಈ ಸಲ ಜಾಗ ಕೊಟ್ಟಿದ್ದೇವೆ. ಉತ್ತರಗಳಿಗೆ ಆಧಾರ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್ ಮೂರಕ್ಕೂ ಅನ್ವಯಿಸುವ 1998ರ ಗ್ಯಾಸ್ ಸುರಕ್ಷತಾ ನಿಯಮಗಳು. ಇಂಗ್ಲೆಂಡಿಗೆ ಮಾತ್ರ ಸೇರಿದ ಸಂಗತಿಯನ್ನು ಅಲ್ಲಲ್ಲೇ ಹೇಳಿದ್ದೇವೆ.

ನಾವು ನಾಲ್ವರು ವಿದ್ಯಾರ್ಥಿಗಳು ಮನೆ ಹಿಡಿದು ಎರಡು ತಿಂಗಳಾಯಿತು. ಗ್ಯಾಸ್ ಸರ್ಟಿಫಿಕೇಟ್ ಕೇಳಿದರೆ ಏಜೆಂಟ್ "ಎಲ್ಲಾ ಆಗಿದೆ, ಆಮೇಲೆ ಕಳಿಸುತ್ತೇವೆ" ಅನ್ನುತ್ತಾರೆ. ಒತ್ತಾಯ ಮಾಡಬಹುದೇ? ಅದಕ್ಕೆ ಹಣ ಕೇಳಿದರೆ ಕೊಡಬೇಕೇ?
— ಲೆಸ್ಟರ್

ಧಾರಾಳವಾಗಿ ಒತ್ತಾಯ ಮಾಡಿ. ನೀವು ಆ ಮನೆಗೆ ಕಾಲಿಡುವ ಮೊದಲೇ ಕಾಗದ ನಿಮ್ಮ ಕೈಸೇರಬೇಕಿತ್ತು. ನಿಯಮ 36ರ ಪ್ರಕಾರ, ತಾವು ಒದಗಿಸಿದ ಪ್ರತಿಯೊಂದು ಗ್ಯಾಸ್ ಉಪಕರಣವನ್ನೂ ಅದರ ಹೊಗೆಕೊಳವೆಯನ್ನೂ ಮಾಲೀಕರು 12 ತಿಂಗಳಿಗೊಮ್ಮೆ 'ಗ್ಯಾಸ್ ಸೇಫ್ ರಿಜಿಸ್ಟರ್'ನಲ್ಲಿ ನೋಂದಾಯಿಸಿಕೊಂಡ ಎಂಜಿನಿಯರ್ ಕೈಯಲ್ಲಿ ತಪಾಸಣೆ ಮಾಡಿಸಬೇಕು. ಹೊಸಬರಿಗೆ ಒಳಬರುವ ಮುನ್ನ, ಈಗಾಗಲೇ ಇರುವವರಿಗೆ ತಪಾಸಣೆಯಾದ 28 ದಿನಗಳ ಒಳಗೆ ತಪಾಸಣೆಯ ದಾಖಲೆಯ ಪ್ರತಿ ಕೊಡಬೇಕು. ಏಜೆಂಟರ ಬಾಯಲ್ಲಿ ಇದು 'ಸಿಪಿ12'.

ಹಣದ ಮಾತು ಬಂದರೆ ಕೊಡಬೇಡಿ. ತಪಾಸಣೆಯ ಖರ್ಚು ಮಾಲೀಕರದು. ಇಂಗ್ಲೆಂಡಿನಲ್ಲಿ 2019ರ ಟೆನೆಂಟ್ ಫೀಸ್ ಕಾಯ್ದೆ ಬಂದ ಮೇಲೆ ಇಂಥ ಶುಲ್ಕವನ್ನು ಬಾಡಿಗೆದಾರರಿಂದ ಬೇರೆಯಾಗಿ ವಸೂಲಿ ಮಾಡುವಂತೆಯೇ ಇಲ್ಲ.

ಕಾಗದ ಬಂದ ಮೇಲೆ ಫೈಲಿಗೆ ಸೇರಿಸುವ ಮುನ್ನ ಒಮ್ಮೆ ಓದಿ. ಅದರಲ್ಲಿ ಇರಲೇಬೇಕಾದವು: ತಪಾಸಣೆಯ ದಿನಾಂಕ, ನಿಮ್ಮದೇ ಮನೆಯ ವಿಳಾಸ, ಮಾಲೀಕರ ಅಥವಾ ಏಜೆಂಟರ ಹೆಸರು ವಿಳಾಸ, ಯಾವ ಉಪಕರಣ ಯಾವ ಕೋಣೆಯಲ್ಲಿದೆ ಎಂಬ ವಿವರ, ಕಂಡ ದೋಷಗಳು, ಅದಕ್ಕೆ ಮಾಡಿದ ಪರಿಹಾರ, ಎಂಜಿನಿಯರ್ ಹೆಸರು, ಸಹಿ, ನೋಂದಣಿ ಸಂಖ್ಯೆ. ಮನೆಗೂ ನೀರಿಗೂ ಬಿಸಿ ಕೊಡುವ ಬಾಯ್ಲರ್, ಅಡುಗೆ ಒಲೆ, ಹಾಲ್‌ನಲ್ಲಿ ಗ್ಯಾಸ್ ಫೈರ್ (ಗ್ಯಾಸಿನಿಂದ ಉರಿಯುವ ಅಗ್ಗಿಷ್ಟಿಕೆ) ಮೂರೂ ಇದ್ದು ಕಾಗದದಲ್ಲಿ ಬಾಯ್ಲರ್ ಒಂದೇ ಇದ್ದರೆ ಉಳಿದೆರಡರ ತಪಾಸಣೆ ಆಗಿಲ್ಲ ಎಂದೇ ಲೆಕ್ಕ. ಎಷ್ಟೋ ಜನ ಇಲ್ಲೇ ಮೋಸಹೋಗುವುದು. ನೋಂದಣಿ ಸಂಖ್ಯೆಯನ್ನು ಗ್ಯಾಸ್ ಸೇಫ್ ರಿಜಿಸ್ಟರ್ ಜಾಲತಾಣದಲ್ಲಿ ಹಾಕಿ ನೋಡಿ, ಇಲ್ಲವೇ 0800 408 5500ಕ್ಕೆ ಫೋನ್ ಮಾಡಿ ಕೇಳಿ. ಒಂದೇ ನಿಮಿಷದ ಕೆಲಸ.

ಎರಡು ವರ್ಷದ ಕಾಗದಗಳ ನಡುವೆ ಹದಿಮೂರು ತಿಂಗಳ ಅಂತರ ಕಂಡರೆ ತಕ್ಷಣ ಜಗಳಕ್ಕೆ ಹೋಗಬೇಡಿ. ಗಡುವಿಗೆ ಮುಂಚಿನ ಎರಡು ತಿಂಗಳ ಒಳಗೆ ತಪಾಸಣೆ ಮಾಡಿಸಿದವರು ಹಳೆಯ ಗಡುವಿನ ದಿನಾಂಕವನ್ನೇ ಉಳಿಸಿಕೊಳ್ಳಬಹುದು ಎಂದು 2018ರಲ್ಲಿ ತಿದ್ದುಪಡಿಯಾಗಿದೆ.

ಮತ್ತೊಂದು ಮಾತು. ತಪಾಸಣೆ ಬೇರೆ, ಬಾಯ್ಲರ್ ಸರ್ವಿಸ್ ಬೇರೆ. ತಪಾಸಣೆಯಲ್ಲಿ ನೋಡುವುದು ಉಪಕರಣ ಆ ದಿನ ಸುರಕ್ಷಿತವಾಗಿದೆಯೇ ಎಂದು: ಹೊಗೆ ಸರಿಯಾಗಿ ಹೊರಹೋಗುತ್ತಿದೆಯೇ, ಉರಿಗೆ ಬೇಕಾದ ಗಾಳಿ ಸಿಗುತ್ತಿದೆಯೇ, ಅನಿಲದ ಒತ್ತಡ ಅಥವಾ ಉರಿಯುವ ಪ್ರಮಾಣ ಸರಿಯಿದೆಯೇ, ಅಪಾಯ ಬಂದರೆ ಅನಿಲ ತಾನೇ ನಿಲ್ಲುವ ಸಾಧನಗಳು ಕೆಲಸ ಮಾಡುತ್ತಿವೆಯೇ. ಸರ್ವಿಸ್‌ನಲ್ಲಿ ಕವಚ ಬಿಚ್ಚಿ ಶುಚಿಮಾಡುವುದು, ಸವೆದ ಭಾಗ ಬದಲಿಸುವುದು ಇರುತ್ತದೆ. ಉಪಕರಣವನ್ನು ಸುಸ್ಥಿತಿಯಲ್ಲಿ ಇಡುವುದೂ ಮಾಲೀಕರ ಹೊಣೆಯೇ. ಹಾಗಾಗಿ ಸರ್ವಿಸ್ ಯಾವಾಗ ಆಯಿತೆಂದೂ ಕೇಳಿ.

ತಪಾಸಣೆಗೆಂದು ಯಾರ್ಯಾರೋ ಬರುತ್ತಾರೆ. ಹಗಲು ಹೊತ್ತು ಮನೆಯಲ್ಲಿ ಒಬ್ಬಳೇ ಇರುತ್ತೇನೆ. ಬೇಡ ಅನ್ನಬಹುದೇ? ಬಂದವನು ನಿಜವಾದ ಎಂಜಿನಿಯರ್ ಎಂದು ತಿಳಿಯುವುದು ಹೇಗೆ?
— ಸ್ಲೌ

ಆ ದಿನ ಬೇಡ ಅನ್ನಬಹುದು, ತಪಾಸಣೆಯೇ ಬೇಡ ಅನ್ನಬಾರದು. ಇಂಗ್ಲೆಂಡಿನಲ್ಲಿ ಕನಿಷ್ಠ 24 ಗಂಟೆ ಮೊದಲು ಬರವಣಿಗೆಯಲ್ಲಿ ತಿಳಿಸಿ, ತಕ್ಕ ಹೊತ್ತಿನಲ್ಲಿ ಬರಬೇಕು. ಆ ಹೊತ್ತು ಹೊಂದದಿದ್ದರೆ ನಿಮಗೆ ಅನುಕೂಲವಾದ ಎರಡು ದಿನ ನೀವೇ ಬರೆದು ಕಳಿಸಿ. ಮಾಲೀಕರು ಬೀಗ ಒಡೆದು ನುಗ್ಗುವಂತಿಲ್ಲ. ಆದರೆ ನೀವು ಪದೇಪದೇ ತಡೆದರೆ ಆ ಪತ್ರಗಳನ್ನೆಲ್ಲ ಇಟ್ಟುಕೊಂಡು "ನಾನು ಪ್ರಯತ್ನಿಸಿದೆ" ಎಂದು ತೋರಿಸುವ ದಾರಿ ಅವರಿಗಿದೆ. ನಷ್ಟ ನಿಮಗೇ.

ಬಾಗಿಲಲ್ಲೇ ಹಳದಿ ಬಣ್ಣದ ಗ್ಯಾಸ್ ಸೇಫ್ ಕಾರ್ಡ್ ಕೇಳಿ. ಮುಂಭಾಗದಲ್ಲಿ ಫೋಟೋ, ಲೈಸೆನ್ಸ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರುತ್ತವೆ. ಬಹುಮಂದಿ ತಿರುಗಿಸಿ ನೋಡುವುದಿಲ್ಲ; ನೋಡಬೇಕಾದ್ದು ಹಿಂಬದಿಯನ್ನೇ. ಆತ ಯಾವ ಯಾವ ಉಪಕರಣ ಮುಟ್ಟಬಹುದು ಎಂಬ ಪಟ್ಟಿ ಅಲ್ಲಿದೆ. ಒಲೆಗೆ ಮಾತ್ರ ಅರ್ಹತೆ ಇರುವವರು ಬಾಯ್ಲರ್ ತಪಾಸಣೆಗೆ ಸಹಿ ಹಾಕುವಂತಿಲ್ಲ.

ಕೆಲಸ ನೋಡಿದರೂ ಗೊತ್ತಾಗುತ್ತದೆ. ಬಲ್ಲವರು ಮೀಟರಿಗೆ ಒತ್ತಡದ ಗೇಜ್ ಜೋಡಿಸಿ, ಅನಿಲ ನಿಲ್ಲಿಸಿ, ಮುಳ್ಳು ಎರಡು ನಿಮಿಷ ಅಲ್ಲಾಡದೆ ನಿಲ್ಲುತ್ತದೆಯೇ ಎಂದು ಸೋರಿಕೆ ನೋಡುತ್ತಾರೆ. ಬಾಯ್ಲರ್ ಓಡಿಸಿ ಹೊಗೆಯಲ್ಲಿ ವಿಶ್ಲೇಷಕದ ನಳಿಕೆ ಇಡುತ್ತಾರೆ, ಹೊರಗೋಡೆಯ ಹೊಗೆಕೊಳವೆ ನೋಡಿ ಬರುತ್ತಾರೆ, ಒಲೆಯ ಒಂದೊಂದು ಬರ್ನರ್ ಹಚ್ಚಿ ಆರಿಸುತ್ತಾರೆ. ಐದು ನಿಮಿಷದಲ್ಲಿ ಫೋಟೋ ಹೊಡೆದುಕೊಂಡು ಹೊರಟವರು ಮಾಡಿದ್ದು ತಪಾಸಣೆಯಲ್ಲ. ನೀವಿರುವುದು ಫ್ಲಾಟ್ ಆಗಿದ್ದು ಹೊಗೆಕೊಳವೆ ಸೂರಿನೊಳಗೆ ಅಡಗಿ ಸಾಗಿದ್ದರೆ, ಅದನ್ನು ನೋಡಲು ತಪಾಸಣಾ ಕಿಂಡಿಗಳಿರಬೇಕು. ಕಿಂಡಿ ಇಲ್ಲದೆ ಕೀಲುಗಳನ್ನು ನೋಡಲಾಗದಿದ್ದರೆ ಎಂಜಿನಿಯರ್ ಬಾಯ್ಲರ್ ಆಫ್ ಮಾಡಲು ನಿಮ್ಮ ಒಪ್ಪಿಗೆ ಕೇಳಬಹುದು. ಅದು ಕಿರಿಕಿರಿಯಲ್ಲ, ಸರಿಯಾದ ಕೆಲಸ.

ಎಂಜಿನಿಯರ್ ಬಾಯ್ಲರಿಗೆ "ಅಪಾಯ, ಬಳಸಬೇಡಿ" ಎಂಬ ಚೀಟಿ ಅಂಟಿಸಿ ಹೋದರು. ಮನೆಯಲ್ಲಿ ಪುಟ್ಟ ಮಗು, ಹೊರಗೆ ಕೊರೆಯುವ ಚಳಿ. ಓನರ್ "ನೋಡೋಣ" ಎನ್ನುತ್ತಿದ್ದಾರೆ.
— ರೆಡಿಂಗ್

ಮೊದಲು, ಆ ಬಾಯ್ಲರ್ ಹಚ್ಚಬೇಡಿ. ಚೀಟಿಯಲ್ಲಿ 'ಐಡಿ' ಎಂದಿದ್ದರೆ ಜೀವಕ್ಕೆ ಈಗಲೇ ಅಪಾಯವಿದೆ ಎಂದರ್ಥ. 'ಎಆರ್' ಎಂದಿದ್ದರೆ ಯಾವಾಗ ಬೇಕಾದರೂ ಅಪಾಯವಾಗಬಹುದು ಎಂದು. ಎರಡರಲ್ಲೂ ಬಳಸಬಾರದು.

ರಿಪೇರಿ ಮಾಲೀಕರದು. ಇಂಗ್ಲೆಂಡಿನಲ್ಲಿ ಮನೆ ಬೆಚ್ಚಗಿಡುವ ವ್ಯವಸ್ಥೆ, ಬಿಸಿನೀರು ಎರಡನ್ನೂ ಸರಿಯಾಗಿ ನಡೆಸುವುದು 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ ಸೆಕ್ಷನ್ 11ರಡಿ ಅವರ ಕರ್ತವ್ಯ. ಫೋನಿನಲ್ಲಿ ಗೋಗರೆದರೆ ದಾಖಲೆ ಉಳಿಯುವುದಿಲ್ಲ; ಇವತ್ತೇ ಇಮೇಲ್ ಹಾಕಿ. ಚೀಟಿಯ ಫೋಟೋ, ಎಂಜಿನಿಯರ್ ಕೊಟ್ಟ ಕಾಗದ, ಮಗುವಿನ ವಯಸ್ಸು, ಕೋಣೆಯ ಉಷ್ಣಾಂಶ, ಉತ್ತರಕ್ಕೆ ಗಡುವು ಎಲ್ಲವೂ ಅದರಲ್ಲಿರಲಿ. ರಿಪೇರಿಯವರೆಗೆ ವಿದ್ಯುತ್ ಹೀಟರ್ ಕೊಡಿ ಎಂದೂ ಕೇಳಿ. ಗಡುವು ದಾಟಿದರೆ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನ ಎನ್ವಿರಾನ್‌ಮೆಂಟಲ್ ಹೆಲ್ತ್ ವಿಭಾಗಕ್ಕೆ ಬರೆಯಿರಿ. ಮನೆಯನ್ನು ಪರಿಶೀಲಿಸಿ ಮಾಲೀಕರಿಗೆ ನೋಟಿಸ್ ಕೊಡುವ ಅಧಿಕಾರ ಅದಕ್ಕಿದೆ. ತಪಾಸಣೆಯನ್ನೇ ಮಾಡಿಸದ, ಕಾಗದವನ್ನೇ ಕೊಡದ ಮಾಲೀಕರ ಮೇಲಿನ ದೂರು ಹೋಗಬೇಕಾದ್ದು ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಹೆಲ್ತ್ ಅಂಡ್ ಸೇಫ್ಟಿ ಎಕ್ಸಿಕ್ಯೂಟಿವ್‌ಗೆ. ಅದಕ್ಕೆಂದೇ 'ಎಲ್‌ಜಿಎಸ್‌ಆರ್1' ಎಂಬ ಫಾರಂ ಇದೆ. ಇದು ಕ್ರಿಮಿನಲ್ ಅಪರಾಧ, ದಂಡದ ಜೊತೆ ಜೈಲೂ ಆಗಬಹುದು.

ಸಿಟ್ಟಿಗೆ ಬಾಡಿಗೆ ನಿಲ್ಲಿಸಬೇಡಿ. ಅಲ್ಲಿಯವರೆಗೆ ನಿಮ್ಮ ಕಡೆಗಿದ್ದ ಕಾನೂನು ಆಮೇಲೆ ಬಾಕಿಯ ಲೆಕ್ಕ ಹಿಡಿದು ನಿಲ್ಲುತ್ತದೆ. "ದೂರು ಕೊಟ್ಟರೆ ಮನೆ ಬಿಡಿಸುತ್ತಾರೆ" ಎಂಬ ಭಯ ಹಲವರಿಗಿದೆ. ಕಾರಣ ಹೇಳದೆ ಮನೆ ಬಿಡಿಸುವ ಸೆಕ್ಷನ್ 21 ನೋಟಿಸನ್ನು ಇಂಗ್ಲೆಂಡಿನಲ್ಲಿ 2025ರ ರೆಂಟರ್ಸ್ ರೈಟ್ಸ್ ಕಾಯ್ದೆ ತೆಗೆದುಹಾಕಿದೆ, 2026ರ ಮೇ 1ರಿಂದ.

ನಮ್ಮ ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲ. ಸಂಜೆ ಹೊತ್ತು ಎಲ್ಲರಿಗೂ ತಲೆನೋವು. ಚಳಿಯಿಂದಲೋ, ಗ್ಯಾಸಿನಿಂದಲೋ?
— ಮಿಲ್ಟನ್ ಕೀನ್ಸ್

ಇದನ್ನು ಓದುತ್ತಿದ್ದಂತೆಯೇ ಗ್ಯಾಸ್ ಉಪಕರಣಗಳನ್ನೆಲ್ಲ ಆರಿಸಿ, ಕಿಟಕಿ ತೆರೆದು, ಎಲ್ಲರೂ ಹೊರಗೆ ಬನ್ನಿ. ಹೊರಗಿನಿಂದ 0800 111 999ಕ್ಕೆ ಫೋನ್ ಮಾಡಿ. ಇಪ್ಪತ್ನಾಲ್ಕು ಗಂಟೆಯೂ ತೆರೆದಿರುವ ಗ್ಯಾಸ್ ತುರ್ತು ಸಂಖ್ಯೆ ಅದು. ತಲೆ ಸುತ್ತು, ವಾಂತಿ, ಮಂಕು ಇದ್ದರೆ ವೈದ್ಯರಿಗೆ "ಕಾರ್ಬನ್ ಮೊನಾಕ್ಸೈಡ್ ಅನುಮಾನ" ಎಂದು ನೀವೇ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಚಳಿಗಾಲದ ಫ್ಲೂ ಜ್ವರವೆಂದು ಮಾತ್ರೆ ಬರೆದು ಕಳಿಸುವ ಸಾಧ್ಯತೆ ಇದೆ. ಲಕ್ಷಣಗಳು ಅಷ್ಟು ಹೋಲುತ್ತವೆ. ಒಂದು ವ್ಯತ್ಯಾಸವೆಂದರೆ ಇದರಲ್ಲಿ ಜ್ವರ ಇರುವುದಿಲ್ಲ, ಮನೆಯಿಂದ ಹೊರಗಿದ್ದಾಗ ಹಗುರವಾಗುತ್ತದೆ, ಮನೆಯವರೆಲ್ಲರಿಗೂ ಒಟ್ಟಿಗೆ ಬರುತ್ತದೆ.

ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉರಿಗೆ ಗಾಳಿ ಸಾಲದಿದ್ದಾಗ ಹುಟ್ಟುತ್ತದೆ. ನೀಲಿಯಾಗಿರಬೇಕಾದ ಜ್ವಾಲೆ ಹಳದಿಯಾಗಿ ಜೋಲುವುದು, ಉಪಕರಣದ ಸುತ್ತ ಮಸಿ, ಕಿಟಕಿಯ ಒಳಗೆ ಹಿಂದಿಲ್ಲದಷ್ಟು ನೀರಹನಿ ಇವೆಲ್ಲ ಸುಳಿವುಗಳು. ಚಳಿ ಬರುತ್ತದೆಂದು ಗೋಡೆಯ ಗಾಳಿಕಿಂಡಿಗೆ ಹಳೇ ಬಟ್ಟೆ ತುರುಕುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ತೆಗೆಯಿರಿ.

ಅಲಾರಂ ಬಗ್ಗೆ: ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ, ಬಾಯ್ಲರಿನಂಥ ಸ್ಥಿರ ಉಪಕರಣ ಇರುವ ವಾಸದ ಕೋಣೆಗಳಲ್ಲಿ ಮಾಲೀಕರೇ ಅಲಾರಂ ಹಾಕಿಸಬೇಕು, ಕೆಟ್ಟಿದೆ ಎಂದು ತಿಳಿಸಿದರೆ ಬದಲಿಸಬೇಕು. ತಪ್ಪಿದರೆ ಕೌನ್ಸಿಲ್ 5,000 ಪೌಂಡ್‌ವರೆಗೆ ದಂಡ ಹಾಕಬಹುದು. ಈ ನಿಯಮದಲ್ಲಿ ಅಡುಗೆ ಒಲೆಗೆ ವಿನಾಯಿತಿ ಇದೆ. ದಿನಕ್ಕೆ ಮೂರು ಹೊತ್ತು ಒಲೆ ಉರಿಸುವ ನಮ್ಮಂಥವರು ಆ ವಿನಾಯಿತಿಯನ್ನು ನೆಚ್ಚಬಾರದು. ಅಲಾರಂ ಇಪ್ಪತ್ತು ಪೌಂಡಿನ ಆಸುಪಾಸು ಸಿಗುತ್ತದೆ, 'ಬಿಎಸ್ ಇಎನ್ 50291' ಎಂಬ ಗುಣಮಟ್ಟದ ಗುರುತು ನೋಡಿ ತನ್ನಿ. ಉಪಕರಣದಿಂದ 1ರಿಂದ 3 ಮೀಟರ್ ದೂರ, ಸೂರಿಗಾದರೆ ಗೋಡೆಯಿಂದ 30 ಸೆಂಟಿಮೀಟರ್ ಬಿಟ್ಟು, ಗೋಡೆಗಾದರೆ ಸೂರಿನಿಂದ 15 ಸೆಂಟಿಮೀಟರ್ ಕೆಳಗೆ. ಬೀರುವಿನೊಳಗೆ, ಪರದೆಯ ಹಿಂದೆ, ಒಲೆಯ ನೇರ ಮೇಲೆ ಬೇಡ. 50 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 50 ಭಾಗ) ಮಟ್ಟದಲ್ಲಿ ಅದು ಕೂಗಲು ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ, 300 ಪಿಪಿಎಂ ಇದ್ದರೆ ಮೂರು ನಿಮಿಷದೊಳಗೆ. ಆದ್ದರಿಂದ ಅಲಾರಂ ಸುಮ್ಮನಿದೆ ಎಂದು ತಲೆನೋವನ್ನು ಕಡೆಗಣಿಸಬೇಡಿ.

ಊರಿಂದ ಎರಡು ಬರ್ನರಿನ ಸ್ಟೌವ್ ತರಿಸಿಕೊಂಡೆವು. ಇಲ್ಲಿನ ಒಲೆಯ ಮೇಲೆ ದೊಡ್ಡ ಪಾತ್ರೆ ಕೂರುವುದಿಲ್ಲ. ಗ್ಯಾಸ್ ಪೈಪಿಗೆ ಜೋಡಿಸಬಹುದೇ?
— ಹ್ಯಾರೋ

ಬೇಡ. ನಮ್ಮ ಸ್ಟೌವ್ ಎಲ್‌ಪಿಜಿಗೆ ಮಾಡಿದ್ದು. ರೆಗ್ಯುಲೇಟರ್ ಕೊಡುವ ಒತ್ತಡ ಸುಮಾರು 30 ಮಿಲಿಬಾರ್. ಅಲ್ಲಿನ ಪೈಪಿನಲ್ಲಿ ಬರುವುದು ನೈಸರ್ಗಿಕ ಅನಿಲ, ಒತ್ತಡ ಸುಮಾರು 20 ಮಿಲಿಬಾರ್. ಒಂದೇ ಗಾತ್ರದ ಅನಿಲದಲ್ಲಿ ಎಲ್‌ಪಿಜಿಗೆ ಅದರ ಎರಡೂವರೆ ಪಟ್ಟು ಶಾಖವಿದೆ, ಹಾಗಾಗಿ ಎಲ್‌ಪಿಜಿ ಸ್ಟೌವಿನ ಜೆಟ್ ರಂಧ್ರ, ಅಂದರೆ ಅನಿಲ ಹೊರಬರುವ ತೂತು, ಸಣ್ಣದು. ಜೋಡಿಸಿದರೆ ಉರಿ ಸೊರಗುತ್ತದೆ. ಸೊರಗಿತೆಂದು ಯಾರೋ ರಂಧ್ರ ಕೊರೆದು ದೊಡ್ಡದು ಮಾಡುತ್ತಾರೆ. ಗಾಳಿ ಮತ್ತು ಅನಿಲದ ಹದ ತಪ್ಪಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಉರಿ ಆರಿದರೆ ಅನಿಲ ತಾನೇ ನಿಲ್ಲುವ ಸಾಧನ ನಮ್ಮ ಬಹುಪಾಲು ಸ್ಟೌವ್‌ಗಳಲ್ಲಿಲ್ಲ. ನೋಂದಾಯಿತ ಎಂಜಿನಿಯರ್ ಯಾರೂ ಅದನ್ನು ಜೋಡಿಸಿಕೊಡುವುದಿಲ್ಲ, ನೀವೇ ಜೋಡಿಸುವುದು ಕಾನೂನಿಗೆ ವಿರುದ್ಧ.

ಮನೆಯ ಒಲೆಯ ಮೇಲೆಯೇ ಎರಡು ಬರ್ನರ್ ಮುಚ್ಚುವಂತೆ ದೋಸೆ ಕಾವಲಿ ಇಡುವುದು, ಎಣ್ಣೆ ಸಿಡಿಯುತ್ತದೆಂದು ಬರ್ನರ್ ಸುತ್ತ ಫಾಯಿಲ್ ಹಾಸುವುದು ಎರಡೂ ಉರಿಯ ಗಾಳಿ ಕಡಿಮೆ ಮಾಡುತ್ತವೆ. ಹಬ್ಬದ ಅಡುಗೆಗೆ ದೊಡ್ಡ ವಿದ್ಯುತ್ ಒಲೆ ಒಳ್ಳೆಯದು.

ನಮ್ಮ ಸ್ವಂತ ಮನೆಯ ಒಂದು ಕೋಣೆಯನ್ನು ನಮ್ಮೂರಿನ ಹುಡುಗನಿಗೆ ಬಾಡಿಗೆಗೆ ಕೊಟ್ಟಿದ್ದೇವೆ, ಮನೆಯವನಂತೆಯೇ ಇದ್ದಾನೆ. ನಮಗೂ ಈ ನಿಯಮ ಉಂಟೇ?
— ಕೊವೆಂಟ್ರಿ

ಉಂಟು. ಬಾಡಿಗೆ ಪಡೆದು ಕೋಣೆ ಕೊಟ್ಟ ಮೇಲೆ ಗ್ಯಾಸ್ ನಿಯಮಗಳ ಮಟ್ಟಿಗೆ ನೀವೇ ಲ್ಯಾಂಡ್‌ಲಾರ್ಡ್. ಪ್ರತಿ ವರ್ಷ ತಪಾಸಣೆ ಮಾಡಿಸಿ, ಪ್ರತಿಯನ್ನು ಆತನ ಕೈಗೆ ಕೊಡಿ. ಆತ ಮಲಗುವ ಕೋಣೆಯಲ್ಲಿ ಹಳೆಯ ಗ್ಯಾಸ್ ಫೈರ್ ಇದ್ದರೆ ಮೊದಲು ಅದನ್ನೇ ತೋರಿಸಿ. ಮಲಗುವ ಕೋಣೆಯ ಗಾಳಿಯನ್ನೇ ಎಳೆದು ಉರಿಯುವ ಉಪಕರಣಗಳಿಗೆ ಕಟ್ಟುನಿಟ್ಟಿನ ನಿರ್ಬಂಧಗಳಿವೆ.

ಬೆಂಗಳೂರಿನ ಬಾಡಿಗೆ ಮನೆಗಳಿಗೆ ಇಂಥ ಕಾಗದ ಇಲ್ಲವೇ?
— ಬಸವನಗುಡಿ

ಮಾಲೀಕರು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಬಾಡಿಗೆದಾರರಿಗೆ ಕಾಗದ ಕೊಡಬೇಕೆಂಬ ಪದ್ಧತಿ ಇಲ್ಲಿಲ್ಲ. ಎಲ್‌ಪಿಜಿ ಸಂಪರ್ಕಕ್ಕೆ ವಿತರಕರ ಕಡೆಯಿಂದ ಐದು ವರ್ಷಕ್ಕೊಮ್ಮೆ ತಪಾಸಣೆ ಇದೆ. ಸಂಪರ್ಕ ಮಾಲೀಕರ ಹೆಸರಲ್ಲಿದ್ದರೆ ಅದು ಯಾವಾಗ ಆಯಿತೆಂದು ಕೇಳಿ. ರಬ್ಬರ್ ಟ್ಯೂಬಿನ ಮೇಲೆ ಮುದ್ರಿಸಿದ ದಿನಾಂಕ ಐದು ವರ್ಷ ದಾಟಿದ್ದರೆ ಹೊಸ ಸುರಕ್ಷಾ ಟ್ಯೂಬ್ ಹಾಕಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ. ಕಿಟಕಿಯ ಜೊತೆ ಬಾಗಿಲನ್ನೂ ತೆರೆಯಿರಿ, ಸ್ವಿಚ್ ಮುಟ್ಟಬೇಡಿ, ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ನಾವು ಹೆಚ್ಚು ಹೆದರುವುದು ಸಿಲಿಂಡರಿಗಲ್ಲ, ಬಚ್ಚಲಮನೆಯೊಳಗಿನ ಗ್ಯಾಸ್ ಗೀಸರಿಗೆ. ಬಾಗಿಲು ಹಾಕಿ, ಕಿಂಡಿ ಮುಚ್ಚಿ, ಗೀಸರ್ ಉರಿಯುತ್ತಿರುವಾಗಲೇ ಸ್ನಾನಕ್ಕೆ ನಿಂತರೆ ಆಮ್ಲಜನಕ ಇಳಿದು ಕಾರ್ಬನ್ ಮೊನಾಕ್ಸೈಡ್ ಏರುತ್ತದೆ. ಜನ ಅಲ್ಲೇ ಕುಸಿದು ಸತ್ತ ಪ್ರಕರಣಗಳು ಹಲವು. ಮನೆ ಒಪ್ಪಿಕೊಳ್ಳುವ ಮುನ್ನವೇ ಗೀಸರನ್ನು ಹೊರಗಿನ ಯುಟಿಲಿಟಿಗೆ ಬದಲಿಸಲು ಓನರಿಗೆ ಹೇಳಿ, ಕರಾರಿನಲ್ಲಿ ಬರೆಸಿಕೊಳ್ಳಿ. ಬದಲಿಸುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿ ಆಡಿದ ಮೇಲೆ ಸ್ನಾನಕ್ಕೆ ಹೋಗಿ.