ತೊಗಲು ಗೊಂಬೆಗೆ ಮೋಟರಿನ ಕೈ

ಓದುಗರ ಪತ್ರ: ಕಲಾ ಕಾಲೇಜಿನ ಪ್ರದರ್ಶನಕ್ಕೆ ತಾನೇ ಕುಣಿಯುವ ಕಿಳ್ಳೇಕ್ಯಾತನ (ಗೊಂಬೆಯಾಟದ ಹಾಸ್ಯಗಾರ) ತೊಗಲು ಗೊಂಬೆ ಮಾಡುತ್ತಿದ್ದೇನೆ. ಭುಜಕ್ಕೆ, ಮೊಣಕೈಗೆ, ಕುತ್ತಿಗೆಗೆ ಮೂರು ಎಸ್‌ಜಿ90 ಸರ್ವೊ ಮೋಟರ್ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟರ್), ಅವಕ್ಕೆ ಆಜ್ಞೆ ಕೊಡಲು ಒಂದು ಆರ್ಡುಯಿನೊ ಬೋರ್ಡ್. ಕೈ ಎತ್ತಿದರೆ ಬೋರ್ಡೇ ಆರಿ ಮತ್ತೆ ಶುರುವಾಗುತ್ತದೆ. ನೆರಳು ಮಸುಕು, ಕುಣಿತಕ್ಕೆ ಜೀವವಿಲ್ಲ. ಹಳೆಯ ಗೊಂಬೆಯೊಂದು ಸಿಕ್ಕಿದೆ, ಅದಕ್ಕೇ ಮೋಟರ್ ಕೂರಿಸಲೇ?

ಸಂಪಾದಕರ ಉತ್ತರ: ದಯವಿಟ್ಟು ಕೂರಿಸಬೇಡಿ. ಹಳೆಯ ತೊಗಲು ಒಣಗಿ ಗಡುಸಾಗಿರುತ್ತದೆ. ಹೊಸ ತೂತು ಹಾಕಿದಲ್ಲಿಂದಲೇ ಸೀಳು ಬಿಡುತ್ತದೆ. ಹಿಂದಿನಿಂದ ಬೆಳಕು ಬಿಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಅದೇ ಅಳತೆಗೆ ಮುದ್ರಿಸಿ, ಕೂದಲು ಹೆರೆದು ಒಣಗಿಸಿದ ಮೇಕೆ ತೊಗಲಿನ ಮೇಲೆ ನಕಲು ಕತ್ತರಿಸಿ. ಚಪ್ಪಲಿಗೆ ಬಳಸುವ ಹದ ಮಾಡಿದ ಚರ್ಮ ಆಗದು, ಬೆಳಕು ದಾಟುವುದಿಲ್ಲ.

ಬೋರ್ಡ್ ಆರುವುದು ಕರೆಂಟ್ ಸಾಲದೆ. ತಡೆದು ನಿಂತ ಒಂದು ಸರ್ವೊ ಸುಮಾರು 0.7 ಆಂಪಿಯರ್ ಎಳೆಯುತ್ತದೆ. ಕಂಪ್ಯೂಟರಿನ ಯುಎಸ್‌ಬಿ ಸಾಮಾನ್ಯವಾಗಿ ಕೊಡುವುದು 0.5. ಮೋಟರುಗಳಿಗೆ ಬೇರೆಯೇ 5 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಕೊಡಿ, ಹತ್ತಿರದಲ್ಲೇ ಕರೆಂಟ್ ಕೂಡಿಟ್ಟು ಬೇಕಾದಾಗ ಕೊಡುವ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ. ಬೋರ್ಡ್, ಅಡಾಪ್ಟರ್ ಎರಡರ ಗ್ರೌಂಡ್ (ಮೈನಸ್) ತಂತಿಗಳನ್ನು ಕೂಡಿಸಲು ಮರೆತರೆ ಕೈ ನಡುಗುತ್ತಲೇ ಇರುತ್ತದೆ.

ನೆರಳಿನದು ಬರೀ ಲೆಕ್ಕ. ದೀಪ 10 ಸೆಂ.ಮೀ. ಅಗಲ, ಗೊಂಬೆಯಿಂದ 60 ಸೆಂ.ಮೀ. ದೂರ, ಗೊಂಬೆಗೂ ಪರದೆಗೂ 3 ಸೆಂ.ಮೀ. ಸಂದು ಇದ್ದರೆ ಅಂಚು 5 ಮಿ.ಮೀ. ಹರಡುತ್ತದೆ. 1 ಸೆಂ.ಮೀ.ನ ಒಂದೇ ಎಲ್‌ಇಡಿ ಇಟ್ಟರೆ ಅರ್ಧ ಮಿ.ಮೀ.ಗೆ ಇಳಿಯುತ್ತದೆ. ಆಟದಲ್ಲಿ ಗೊಂಬೆಯನ್ನು ಪರದೆಗೆ ಒತ್ತಿಯೇ ಹಿಡಿಯುತ್ತಾರೆ. ಗೊಂಬೆ ಹಿಡಿದ ನಿಮ್ಮ ಚೌಕಟ್ಟೂ ಹಾಗೇ ಒತ್ತಬೇಕು.

ಇನ್ನು ಜೀವದ ಮಾತು. ಅದಕ್ಕೆ ಕಲಾವಿದರ ಕೈಯನ್ನೇ ನೋಡಬೇಕು. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲು ಗೊಂಬೆಯಾಟದ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ವಿದ್ಯೆ ಇನ್ನೂ ಬದುಕಿದೆ. ಕಲಾವಿದರೊಬ್ಬರಿಗೆ ಸಂಭಾವನೆ ಕೊಟ್ಟು, ಒಪ್ಪಿಗೆ ಪಡೆದು, ಸೆಕೆಂಡಿಗೆ 50 ಚಿತ್ರದ ವೇಗದಲ್ಲಿ ವಿಡಿಯೊ ಮಾಡಿ. ಒಂದೊಂದು ಚಿತ್ರದಲ್ಲೂ ತೋಳಿನ ಕೋನ ಅಳೆಯಿರಿ. ಸರ್ವೊಗೆ ಸಂಕೇತ ಹೋಗುವುದೂ 20 ಮಿಲಿಸೆಕೆಂಡಿಗೊಮ್ಮೆ, ಹಾಗಾಗಿ ಚಿತ್ರಕ್ಕೊಂದು ಆಜ್ಞೆ ನೇರ ಹೊಂದುತ್ತದೆ. ಅಷ್ಟರಲ್ಲಿ ಎಸ್‌ಜಿ90 ತಿರುಗುವುದು ಹೆಚ್ಚೆಂದರೆ 12 ಡಿಗ್ರಿ. ಅದಕ್ಕಿಂತ ದೊಡ್ಡ ನೆಗೆತವಿದ್ದಲ್ಲಿ ಮೋಟರ್ ಹಿಂದುಳಿಯುತ್ತದೆ.

ಮೊಣಕೈಯ ಮೋಟರ್ ಬಿಚ್ಚಿಬಿಡಿ. ಆ ಕೀಲು ದಾರದ ಗಂಟಿನಲ್ಲಿ ಸಡಿಲವಾಗಿದ್ದರೇ ಚೆನ್ನ: ಭುಜ ನಿಂತ ಮೇಲೂ ಮುಂಗೈ ಎರಡು ಸಲ ತೂಗಿ ನಿಲ್ಲುತ್ತದೆ, ಕಿಳ್ಳೇಕ್ಯಾತ ಬದುಕಿದಂತೆ ಕಾಣುವುದು ಆ ತೂಗಿನಲ್ಲೇ. ಬಿಚ್ಚಿದ ಮೋಟರನ್ನು, ಇಡೀ ಗೊಂಬೆಯನ್ನು ಆಡಿಸಲು, ಗೊಂಬೆಯನ್ನು ಹಿಡಿದ ನಡುವಿನ ಕಡ್ಡಿಯ ಬುಡಕ್ಕೆ, ಪರದೆಯ ಕೆಳಗೆ ಕೂರಿಸಿ.