ಮೊದಲ ಸಲ ಮನೆಗೆ ಊಟಕ್ಕೆ ಕರೆದಾಗ ಯಾವ ಅಡುಗೆ ಮಾಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಒಂಟಿಯಾಗಿದ್ದೀರಿ, ಮೆಚ್ಚಿದವರೊಬ್ಬರು ಮೊದಲ ಸಲ ಮನೆಗೆ ಊಟಕ್ಕೆ ಬರುತ್ತಿದ್ದಾರೆ, ಅನ್ನ ಮತ್ತು ಮೊಟ್ಟೆ ಬಿಟ್ಟರೆ ಬೇರೇನೂ ಮಾಡಿ ಅಭ್ಯಾಸವಿಲ್ಲ, ಬೆಳ್ಳುಳ್ಳಿ ತಿಂದರೆ ಬಾಯಿ ವಾಸನೆ ಬಂದೀತೇನೋ ಎಂಬ ಚಿಂತೆ, ಆ ಸಂಜೆ ಹಾಸ್ಯಚಿತ್ರದ ದೃಶ್ಯವಾಗಿಬಿಟ್ಟೀತೆಂಬ ಭಯ.

ಅಂಥ ದೃಶ್ಯಗಳನ್ನೇ ಒಮ್ಮೆ ನೆನಪಿಸಿಕೊಳ್ಳಿ. ಎಣ್ಣೆ ಹೊಗೆಯಾಡುತ್ತಿರುವಾಗಲೇ ಕರೆಗಂಟೆ ಬಾರಿಸುತ್ತದೆ. ಬಾಗಿಲು ತೆರೆಯಲು ಹೋದರೆ ಬಾಣಲೆ ಸೀಯುತ್ತದೆ, ಬಾಣಲೆ ನೋಡಿಕೊಂಡರೆ ಬಂದವರು ಹೊರಗೇ ನಿಲ್ಲುತ್ತಾರೆ. ಎರಡು ಕೆಲಸ ಒಂದೇ ನಿಮಿಷಕ್ಕೆ ಬಂದು ಬೀಳುವುದರಲ್ಲೇ ಆ ಹಾಸ್ಯವೆಲ್ಲ ಇದೆ. ಹಾಗಾಗಿ ಅಡುಗೆ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಅವರು ಬಂದ ಮೇಲೆ ನಾನು ಒಲೆಯ ಮುಂದೆ ಎಷ್ಟು ಹೊತ್ತು ನಿಲ್ಲಬೇಕು? ಕಾಲು ಗಂಟೆಗಿಂತ ಹೆಚ್ಚಾದರೆ ಆ ಅಡುಗೆ ಬೇಡ. ಕರಿಯುವ ತಿಂಡಿ, ಕಾವಲಿಯ ಮೇಲೆ ಒಂದೊಂದಾಗಿ ಬೇಯಿಸುವಂಥದ್ದು ಎಲ್ಲ ಇಲ್ಲಿಗೇ ಹೊರಗೆ.

ನನ್ನ ಸಲಹೆ ಟೊಮೆಟೊ ಪಾಸ್ತಾ, ಕೊನೆಗೆ ಒಂದು ಬಟ್ಟಲು ಚಾಕೊಲೇಟ್. ಅದಕ್ಕೂ ಮೊದಲು ಅವರಿಗೆ ಒಂದು ಸಂದೇಶ ಕಳಿಸಿ. 'ಏನು ಇಷ್ಟ?' ಎಂದು ಕೇಳಿದರೆ 'ಏನಾದರೂ ಆದೀತು' ಎಂಬ ಉತ್ತರವೇ ಬರುವುದು. 'ಏನು ತಿನ್ನುವುದಿಲ್ಲ, ಯಾವುದು ಮೈಗೆ ಒಗ್ಗುವುದಿಲ್ಲ?' ಎಂದು ಕೇಳಿ. ಗೋಧಿ ಅಥವಾ ಹಾಲು ಆಗದವರಾದರೆ ಈಗಲೇ ಗೊತ್ತಾಗಬೇಕು.

ಇಬ್ಬರಿಗೆ ಸಾಸ್: ಹಣ್ಣಾದ ಟೊಮೆಟೊ 400 ಗ್ರಾಂ (ಮಧ್ಯಮ ಗಾತ್ರದ್ದಾದರೆ ನಾಲ್ಕೈದು), ಈರುಳ್ಳಿ 1, ಬೆಳ್ಳುಳ್ಳಿ 4 ಎಸಳು, ಎಣ್ಣೆ 3 ದೊಡ್ಡ ಚಮಚ, ಉಪ್ಪು ಅರ್ಧ ಟೀ ಚಮಚ, ಒಣಮೆಣಸಿನ ತರಿ ಕಾಲು ಟೀ ಚಮಚ. ಇದನ್ನು ಬೆಳಿಗ್ಗೆಯೇ ಮಾಡಿ, ಆರಿದ ಮೇಲೆ ಫ್ರಿಜ್‌ನಲ್ಲಿಡಿ. ಈರುಳ್ಳಿ ಹೆಚ್ಚುವಾಗಿನ ಕಣ್ಣೀರೂ ಬೆಳಿಗ್ಗೆಯೇ ಮುಗಿಯುತ್ತದೆ. ಸಣ್ಣಗೆ ಹೆಚ್ಚಿದ ಈರುಳ್ಳಿಗೆ ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಾಡಿಸಿ. ಉಪ್ಪು ನೀರನ್ನು ಹೊರಗೆಳೆಯುವುದರಿಂದ ಬೇಗ ಮೆತ್ತಗಾಗುತ್ತದೆ. ಬೆಳ್ಳುಳ್ಳಿ ಹಾಕುವುದು ಆಮೇಲೆ, ಅದೂ ಒಂದು ನಿಮಿಷದ ಮಟ್ಟಿಗೆ. ಮೊದಲ ಸಲ ಮಾಡುವವರು ಹೆಚ್ಚಾಗಿ ತಪ್ಪುವುದು ಇಲ್ಲೇ: ಬೆಳ್ಳುಳ್ಳಿಯನ್ನು ಮೊದಲೇ ಹಾಕುತ್ತಾರೆ. ಅದರಲ್ಲಿ ಈರುಳ್ಳಿಯಷ್ಟು ನೀರಿಲ್ಲ, ಚೂರುಗಳೂ ಚಿಕ್ಕವು, ಹಾಗಾಗಿ ಈರುಳ್ಳಿ ಬಾಡುವ ಹೊತ್ತಿಗೆ ಕಪ್ಪಾಗಿ ಕಹಿಯಾಗುತ್ತದೆ. ಆ ಕಹಿ ಸಾಸ್‌ಗೆಲ್ಲ ಹರಡುತ್ತದೆ, ಮತ್ತೆ ಸರಿಯಾಗುವುದಿಲ್ಲ. ಬೆಳ್ಳುಳ್ಳಿ ಕಪ್ಪಾದರೆ ಚೆಲ್ಲಿ ಹೊಸದಾಗಿ ಶುರು ಮಾಡಿ. ಬೆಳಿಗ್ಗೆ ಅದಕ್ಕೆ ಸಮಯವಿರುತ್ತದೆ, ರಾತ್ರಿ ಇರುವುದಿಲ್ಲ.

ಈಗ ಮೆಣಸಿನ ತರಿ, ಹೆಚ್ಚಿದ ಟೊಮೆಟೊ. ಮುಚ್ಚಳ ಹಾಕದೆ 20 ರಿಂದ 25 ನಿಮಿಷ, ಎಣ್ಣೆ ಅಂಚಿನಲ್ಲಿ ಬಿಡುವವರೆಗೆ. ಹುಳಿ ಎದ್ದು ಕಂಡರೆ ಚಿಟಿಕೆ ಸಕ್ಕರೆ. ಉಪ್ಪು ಜಾಸ್ತಿಯಾದರೆ ಆಲೂಗಡ್ಡೆ ಹಾಕಿದರೆ ಹೀರಿಕೊಳ್ಳುತ್ತದೆ ಎನ್ನುತ್ತಾರೆ, ನಂಬಬೇಡಿ. ಅದು ಹೀರುವುದು ಉಪ್ಪುನೀರನ್ನು, ಉಳಿದ ಸಾಸ್ ಅಷ್ಟೇ ಉಪ್ಪಾಗಿರುತ್ತದೆ. ಇನ್ನೆರಡು ಟೊಮೆಟೊ ಸೇರಿಸಿ ಪ್ರಮಾಣ ಹೆಚ್ಚಿಸುವುದೊಂದೇ ದಾರಿ.

ಚಾಕೊಲೇಟ್ ಕೂಡ ಬೆಳಿಗ್ಗೆಯದೇ ಕೆಲಸ. 80 ಗ್ರಾಂ ಕಪ್ಪು ಚಾಕೊಲೇಟನ್ನು ಸಣ್ಣಗೆ ಹೆಚ್ಚಿಡಿ. 100 ಮಿಲಿ ಕ್ರೀಮನ್ನು ಅಂಚಿನಲ್ಲಿ ಗುಳ್ಳೆ ಬರುವಷ್ಟು ಬಿಸಿ ಮಾಡಿ ಅದರ ಮೇಲೆ ಸುರಿಯಿರಿ. ಎರಡು ನಿಮಿಷ ಮುಟ್ಟಬೇಡಿ, ಆಮೇಲೆ ನಡುವಿನಿಂದ ಶುರುಮಾಡಿ ಕದಡಿ. ಎರಡು ಬಟ್ಟಲಿಗೆ ಹಾಕಿ ಫ್ರಿಜ್‌ನಲ್ಲಿ ಎರಡು ಗಂಟೆ ಇಟ್ಟರೆ ಹದವಾಗಿ ಗಟ್ಟಿಯಾಗುತ್ತದೆ. ನೇರವಾಗಿ ಒಲೆಯ ಮೇಲೆ ಚಾಕೊಲೇಟ್ ಕರಗಿಸಲು ಹೋಗಬೇಡಿ, ತಳ ಹಿಡಿಯುತ್ತದೆ. ಬೇರೆಯಾಗಿ ಕರಗಿಸುವಾಗ ನಾಲ್ಕು ಹನಿ ನೀರು ಬಿದ್ದರೂ ಸಕ್ಕರೆ, ಕೋಕೋ ಕಣಗಳು ಒಂದಕ್ಕೊಂದು ಅಂಟಿ ಮಣ್ಣಿನ ಮುದ್ದೆಯಂತಾಗುತ್ತದೆ. ಆಗ ಒಂದೊಂದೇ ಚಮಚ ಬಿಸಿ ಕ್ರೀಮ್ ಹಾಕುತ್ತಾ ಕದಡಿದರೆ ಮತ್ತೆ ಸಡಿಲವಾಗುತ್ತದೆ. ಸ್ವಲ್ಪ ನೀರು ಕೆಡಿಸಿದ್ದನ್ನು ಹೆಚ್ಚು ದ್ರವ ಸರಿಮಾಡುವುದು ವಿಚಿತ್ರ ಅನ್ನಿಸಬಹುದು, ಆದರೆ ನಿಜ.

ಇನ್ನು ರಾತ್ರಿ. ಅವರು ಬರುವ ಹತ್ತು ನಿಮಿಷ ಮೊದಲು 2 ಲೀಟರ್ ನೀರನ್ನು ಮುಚ್ಚಳ ಹಾಕಿ ಒಲೆಗಿಡಿ, 20 ಗ್ರಾಂ, ಅಂದರೆ ಒಂದು ದೊಡ್ಡ ಚಮಚ ಪುಡಿ ಉಪ್ಪು ಹಾಕಿ. ಕುದಿ ಬಂದರೆ ಉರಿ ತಗ್ಗಿಸಿ. ಅವರು ಅರ್ಧ ಗಂಟೆ ತಡಮಾಡಿದರೂ ನೀರು ಕಾಯುತ್ತದೆ, ಎರಡೂ ಅರ್ಥದಲ್ಲಿ. ಪಾಸ್ತಾ ಮಾತ್ರ ಕಾಯುವುದಿಲ್ಲ. ಹಾಕಿಬಿಟ್ಟರೆ ಐದು ನಿಮಿಷ ಹೆಚ್ಚಾದರೂ ಗಂಜಿಯಂತಾಗುತ್ತದೆ. ಆದ್ದರಿಂದ ಅವರು ಒಳಗೆ ಬಂದು, ಕೂತು, ನೀರು ಕುಡಿದ ಮೇಲೆಯೇ 180 ಗ್ರಾಂ ಪಾಸ್ತಾ ಹಾಕಿ. ಉದ್ದ ಎಳೆಯದ್ದು ಬೇಡ, ಕೊಳವೆಯಾಕಾರದ ಚಿಕ್ಕದು ತೆಗೆದುಕೊಳ್ಳಿ. ಉದ್ದ ಎಳೆ ತಿನ್ನುವಾಗ ಸಾಸ್ ಅಂಗಿಗೆ ಹಾರುತ್ತದೆ, ಮಾತಿನ ನಡುವೆ ಅದೊಂದು ಕಷ್ಟ. ನೀರಿಗೆ ಎಣ್ಣೆ ಹಾಕಬೇಡಿ. ಅದು ಮೇಲೆ ತೇಲುತ್ತದೆ, ಬಸಿಯುವಾಗ ಪಾಸ್ತಾಗೆ ಹತ್ತಿ ಸಾಸ್ ಜಾರುವಂತೆ ಮಾಡುತ್ತದೆ. ಮೊದಲ ನಿಮಿಷ ಕದಡಿದರೆ ಅಂಟಿಕೊಳ್ಳುವ ಮಾತೇ ಇಲ್ಲ.

ಪೊಟ್ಟಣದ ಮೇಲೆ ಬರೆದ ಸಮಯಕ್ಕಿಂತ ಎರಡು ನಿಮಿಷ ಮೊದಲೇ ತೆಗೆಯಿರಿ. ಬಸಿಯುವ ಮುನ್ನ ಒಂದು ಲೋಟ ನೀರು ಎತ್ತಿಡಿ, ಇದನ್ನು ಮರೆಯುವವರೇ ಹೆಚ್ಚು. ಅಷ್ಟರಲ್ಲಿ ಬೆಳಗಿನ ಸಾಸ್ ಅಗಲ ಬಾಣಲೆಯಲ್ಲಿ ಬಿಸಿಯಾಗಿರಲಿ. ಪಾಸ್ತಾ ಅದಕ್ಕೆ ಸುರಿದು, ಎತ್ತಿಟ್ಟ ನೀರಿನಲ್ಲಿ ಅರ್ಧ ಲೋಟ ಹಾಕಿ, ಜೋರು ಉರಿಯಲ್ಲಿ ಎರಡು ನಿಮಿಷ ಕೈಯಾಡಿಸಿ. ಆ ನೀರಿನಲ್ಲಿರುವ ಪಿಷ್ಟ ಎಣ್ಣೆಯನ್ನೂ ಟೊಮೆಟೊ ರಸವನ್ನೂ ಒಂದುಗೂಡಿಸುತ್ತದೆ, ಸಾಸ್ ಪ್ರತಿ ತುಂಡಿಗೂ ಹತ್ತುತ್ತದೆ. ಈ ಹದಿನೈದು ನಿಮಿಷ ಅವರೂ ಅಡುಗೆಮನೆಯಲ್ಲೇ ನಿಂತು ಮಾತಾಡಲಿ ಎಂದು ನಾನು ಹೇಳುತ್ತೇನೆ. ಸೌತೆಕಾಯಿ ಹೆಚ್ಚುವ ಕೆಲಸ ಕೊಡಿ. ಎದುರುಬದುರು ಕೂತಾಗ ಬಾರದ ಮಾತು ಕೈಗೆ ಕೆಲಸವಿದ್ದಾಗ ಬರುತ್ತದೆ.

ಒಣ ತರಿಯ ಬದಲು ಹಸಿಮೆಣಸಿನಕಾಯಿ ಬಳಸುವುದಾದರೆ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಹೆಚ್ಚುವ ಮೊದಲೇ ಹಾಕಿಕೊಳ್ಳಿ. ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ. ಕೈಗೆ ಮೊದಲು ಎಣ್ಣೆ ಉಜ್ಜಿ ಆಮೇಲೆ ಸೋಪು ಹಚ್ಚಿ ತೊಳೆಯಬೇಕು.

ಬೆಳ್ಳುಳ್ಳಿ ವಾಸನೆಯ ಬಗ್ಗೆ ನೀವು ವಿಶೇಷವಾಗಿ ಕೇಳಿದ್ದೀರಿ. ಹಲ್ಲುಜ್ಜಿದರೆ ಪೂರ್ತಿ ಹೋಗುವುದಿಲ್ಲ, ಯಾಕೆಂದರೆ ಅದರ ಗಂಧಕದ ಅಂಶವೊಂದು ರಕ್ತಕ್ಕೆ ಸೇರಿ ಉಸಿರಿನಲ್ಲೇ ಹೊರಬರುತ್ತದೆ. ಹಸಿ ಸೇಬು ಅಥವಾ ಪುದಿನ ಎಲೆ ತಿಂದರೆ ಕಡಿಮೆಯಾಗುತ್ತದೆ, ಚಾಕೊಲೇಟ್ ಬಟ್ಟಲಿನ ಪಕ್ಕ ನಾಲ್ಕು ಸೇಬಿನ ಹೋಳು ಇಡಿ. ಅವರ ತಟ್ಟೆಗೆ ಮಾತ್ರ ಬೆಳ್ಳುಳ್ಳಿ ತಪ್ಪಿಸುವ ಉಪಚಾರ ಬೇಡ. ಇಬ್ಬರೂ ತಿಂದಿದ್ದರೆ ಒಬ್ಬರ ವಾಸನೆ ಇನ್ನೊಬ್ಬರಿಗೆ ಅಷ್ಟಾಗಿ ತಿಳಿಯುವುದಿಲ್ಲ.