ಭಯ ಬೇರೆ, ಒಪ್ಪಿಗೆ ಬೇರೆ

ನಮಸ್ಕಾರ.

‘ಜನ ಯಾಕೆ ತಲೆಬಾಗುತ್ತಾರೆ’ ಎಂಬ ನಿಮ್ಮ ಲೇಖನ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು. ಭಾಷೆ ತಿಳಿಯಾಗಿದೆ, ತೊಡಕಿರುವುದು ವಾದದ ಬುಡದಲ್ಲಿ. ಅಧಿಕಾರವನ್ನು ಜನ ಒಪ್ಪುವುದು ಭಯದಿಂದ ಎನ್ನುತ್ತೀರಿ, ಸಾಕ್ಷಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಮಿಲ್‌ಗ್ರಾಮ್ ನಡೆಸಿದ ಪ್ರಯೋಗವನ್ನು ತರುತ್ತೀರಿ. ಆಚೆ ಕೋಣೆಯವನು ಉತ್ತರ ತಪ್ಪಿದಾಗಲೆಲ್ಲ ಇನ್ನಷ್ಟು ಜೋರಿನ ವಿದ್ಯುತ್ ಶಾಕ್ ಕೊಡಿ ಎಂದು ವಿಜ್ಞಾನಿ ಹೇಳುತ್ತಿದ್ದ, ಬಂದವರು ಎಲ್ಲಿಯವರೆಗೆ ಕೇಳುತ್ತಾರೆ ಎಂದು ನೋಡುವುದು ಅದರ ಗುರಿ. ಆ ಪ್ರಯೋಗವೇ ನಿಮ್ಮ ವಾದವನ್ನು ಕೆಡವುತ್ತದೆ.

1961ರಲ್ಲಿ ಯೇಲ್ ವಿಶ್ವವಿದ್ಯಾಲಯಕ್ಕೆ ಬಂದವರಿಗೆ ನಾಲ್ಕೂವರೆ ಡಾಲರ್ ಕೊಟ್ಟು, ಮುಂದೆ ಏನೇ ಆದರೂ ಹಣ ನಿಮ್ಮದೇ ಎಂದು ಮೊದಲೇ ಹೇಳಿದ್ದರು. ಹೇಳಿದ್ದು ಕೇಳದಿದ್ದರೆ ಶಿಕ್ಷೆ ಎಂಬ ಮಾತೇ ಇರಲಿಲ್ಲ. ಆದರೂ 40 ಮಂದಿಯಲ್ಲಿ 26 ಮಂದಿ 450 ವೋಲ್ಟ್‌ನ ಕೊನೆಯ ಸ್ವಿಚ್ ಒತ್ತಿದರು. ನೀವು ಈ ಅಂಕಿಗೇ ನಿಂತುಬಿಟ್ಟಿದ್ದೀರಿ. ನಿಜವಾದ ಸರಕು ಮುಂದಿನ ಸುತ್ತುಗಳಲ್ಲಿದೆ. ಯೇಲ್ ಹೆಸರಿಲ್ಲದೆ, ಬ್ರಿಜ್‌ಪೋರ್ಟ್ ಪೇಟೆಯ ಸಾಧಾರಣ ಕಟ್ಟಡದಲ್ಲಿ ನಡೆಸಿದಾಗ ಕೊನೆಮುಟ್ಟಿದವರು ಶೇ. 47.5. ಅಪ್ಪಣೆ ಕೊಟ್ಟವನು ವಿಜ್ಞಾನಿಯಲ್ಲ, ತಮ್ಮಂತೆಯೇ ಬಂದವನು ಎಂದಾದಾಗ ಶೇ. 20. ಇಬ್ಬರು ವಿಜ್ಞಾನಿಗಳು ಕಣ್ಣೆದುರೇ ತಕರಾರಿಗೆ ಬಿದ್ದಾಗ 20 ಜನರಲ್ಲಿ 18 ಮಂದಿ ಅಲ್ಲಿಗೇ ಕೈಬಿಟ್ಟರು, ಕೊನೆಮುಟ್ಟಿದವರು ಒಬ್ಬರೂ ಇಲ್ಲ. ದಂಡದ ಭಯ ಯಾವ ಸುತ್ತಿನಲ್ಲೂ ಇರಲಿಲ್ಲ. ಏರಿಳಿದದ್ದು ‘ಹೇಳುವ ಹಕ್ಕು ಇವರಿಗಿದೆ’ ಎಂಬ ನಂಬಿಕೆ. ಲೇಖನ ಇಲ್ಲಿಂದ ಶುರುವಾಗಲಿ.

ಇದಕ್ಕೆ ಮನಶ್ಶಾಸ್ತ್ರಜ್ಞ ಜೆರಿ ಬರ್ಗರ್ 2009ರಲ್ಲಿ ಪ್ರಕಟಿಸಿದ ಮರುಪ್ರಯೋಗವನ್ನು ಸೇರಿಸಿ. ಹಿಂಜರಿದವರಿಗೆ ಅಲ್ಲಿ ಒಂದಾದ ಮೇಲೊಂದರಂತೆ ನಾಲ್ಕು ಸಿದ್ಧ ಮಾತು ಹೇಳುತ್ತಿದ್ದರು. ‘ಪ್ರಯೋಗಕ್ಕೆ ಇದು ಅಗತ್ಯ’ ಎಂದಾಗ ಮುಂದುವರಿದವರಿದ್ದರು. ‘ನಿಮಗೆ ಬೇರೆ ದಾರಿಯಿಲ್ಲ, ಮುಂದುವರಿಸಲೇಬೇಕು’ ಎಂಬ ನಾಲ್ಕನೆಯ ಮಾತು ಕೇಳಿದ ಯಾರೂ ಮುಂದುವರಿಯಲಿಲ್ಲ. ಉದ್ದೇಶ ಹೇಳಿದಾಗ ಸಿಕ್ಕ ಸಹಕಾರ ಬರಿಯ ಹುಕುಂಗೆ ಸಿಗಲಿಲ್ಲ. ಇಷ್ಟು ಗಟ್ಟಿ ಸಂಗತಿ ನಿಮ್ಮ ಲೇಖನದಲ್ಲಿ ಇಲ್ಲದಿರುವುದು ನಮಗೆ ಬೇಸರ ತಂದಿತು.

‘ಲಾಭ ಮಾಡಿಕೊಟ್ಟವರನ್ನು ಜನ ಒಪ್ಪುತ್ತಾರೆ’ ಎಂಬ ಎರಡನೆಯ ಭಾಗವೂ ನಿಲ್ಲದು. ಮನಶ್ಶಾಸ್ತ್ರಜ್ಞ ಟಾಮ್ ಟೈಲರ್ 1984ರಲ್ಲಿ ಶಿಕಾಗೋದ 1,575 ನಿವಾಸಿಗಳನ್ನು ಪೊಲೀಸರು, ನ್ಯಾಯಾಲಯಗಳ ಬಗ್ಗೆ ಕೇಳಿದರು. ತೀರ್ಪು ತಮ್ಮ ಪರ ಬಂತೇ ಎಂಬುದಕ್ಕಿಂತ, ನಮ್ಮ ಮಾತು ಕೇಳಿಸಿಕೊಂಡರೇ, ಪಕ್ಷಪಾತ ಮಾಡಲಿಲ್ಲವೇ, ಮರ್ಯಾದೆ ಕೊಟ್ಟರೇ ಎಂಬುದೇ ಹೆಚ್ಚು ತೂಗಿತು. ಇದನ್ನು ನಮ್ಮ ಓದುಗರಿಗೆ ಮುಟ್ಟಿಸಲು ತಾಲ್ಲೂಕು ಕಚೇರಿಯಲ್ಲಿ ಅರ್ಜಿ ತಿರಸ್ಕೃತವಾದ ಇಬ್ಬರನ್ನು ಮಾತಾಡಿಸಿ: ಕಾರಣವನ್ನು ವಿವರವಾಗಿ ಕೇಳಿ ತಿಳಿದವರೊಬ್ಬರು, ಸುಮ್ಮನೆ ವಾಪಸಾದವರೊಬ್ಬರು. ಆದರೆ ಎಚ್ಚರ. ಜನ ಒಪ್ಪಿದ್ದೆಲ್ಲ ನ್ಯಾಯವೆಂದು ಬರೆಯಬೇಡಿ. ಅನ್ಯಾಯದ ನಿಯಮವನ್ನೂ ಸೌಜನ್ಯದಿಂದ ಒಪ್ಪಿಸಬಹುದು.

ಸಣ್ಣ ತಪ್ಪುಗಳು: ಪ್ರಯೋಗ ನಡೆಸಿದವನ ಕೋಟು ಬಿಳಿಯದಲ್ಲ, ಬೂದು ಬಣ್ಣದ್ದು. ಆಚೆ ಕೋಣೆಯವನಿಗೆ ಶಾಕ್ ಹೊಡೆಯಲೇ ಇಲ್ಲ, ಅದು ನಟನೆ. ಇಂದಿನ ರಾಜಕೀಯದ ಕೊನೆಯ ಮೂರು ಪ್ಯಾರಾ ತೆಗೆಯಿರಿ. ಅಲ್ಲಿ ಸಿಟ್ಟಿದೆ, ವಿವರಣೆಯಿಲ್ಲ. 1,200 ಪದದೊಳಗೆ ತಿದ್ದಿ ಕಳಿಸಿ, ಮತ್ತೆ ಓದುತ್ತೇವೆ.

— ಸಂಪಾದಕರು